ಮೊಳೆಗೆ ಹಾಕಿದ ಕೀಲಿ

ಚಾಲಕನನ್ನು ಬದಲಿಸಿದರೆ ಕಾರಿನ ವಿಮೆಯ ಪ್ರೀಮಿಯಂ ಇಳಿಸಬಹುದು ಎಂದು ವಿಮಾ ಕಂಪನಿಯ ಶಾಖಾಧಿಕಾರಿ ಹೇಳಿದರು. ಅದನ್ನು ಬರೆದುಕೊಡಿ ಎಂದೆ. ಅವರು ಬರೆದುಕೊಡಲಿಲ್ಲ. ನಾನೂ ಚಾಲಕನನ್ನು ಬದಲಿಸಲಿಲ್ಲ. ಆ ತಿಂಗಳು ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಾನಾಗ ಪುಣೆಯಲ್ಲಿ ಒಂದು ದಿನಪತ್ರಿಕೆಯ ಶಾಖಾ ಕಚೇರಿಯಲ್ಲಿ ಸುದ್ದಿ ಮೇಜಿನ ಹೊಣೆ ಹೊತ್ತಿದ್ದೆ. ಸಣ್ಣ ಕಚೇರಿಯಾದ್ದರಿಂದ ಫೋನ್ ಬಿಲ್ಲು, ಚಹಾದ ಲೆಕ್ಕ, ಕಾರಿನ ಕಾಗದಪತ್ರ ಎಲ್ಲವೂ ನನ್ನ ಮೇಜಿಗೇ ಬರುತ್ತಿದ್ದವು. ಕಚೇರಿ ಇದ್ದದ್ದು ಪೇಠೆಯ ಒಂದು ಹಳೆಯ ವಾಡೆಯ ಮೊದಲ ಮಹಡಿಯಲ್ಲಿ. ಕೆಳಗೆ ವಾಡೆಯ ಮಾಲೀಕರ ಬಟ್ಟೆಯ ಸಗಟು ಅಂಗಡಿ. ಅವರು ಬಾಗಲಕೋಟೆಯ ಕಡೆಯವರು. ಅವರ ತಂದೆಯ ಕಾಲಕ್ಕೇ ಪುಣೆಗೆ ಬಂದ ಮನೆತನ. ಬೀದಿಯಲ್ಲಿ ಮರಾಠಿ, ಹಣದ ಗಲ್ಲೆಯ ಮುಂದೆ ಕೂತಾಗ ಮರಾಠಿ, ಸಿಟ್ಟು ಬಂದಾಗ ಮಾತ್ರ ಕನ್ನಡ.

ವಾಡೆಯ ದೊಡ್ಡ ಬಾಗಿಲಿನಿಂದ ಒಳಗಿನ ಅಂಗಳದವರೆಗೆ ಕಲ್ಲು ಹಾಸಿದ ಒಂದೇ ಸಂದಿ. ಒಂದು ಕಾರಿನ ಅಗಲ. ಐದು ಗಾಡಿಗಳು ಒಂದರ ಹಿಂದೊಂದು ನಿಲ್ಲಬೇಕು. ಒಳಗಿನದು ಹೊರಗೆ ಹೋಗಬೇಕಾದರೆ ಹೊರಗಿನವೆಲ್ಲ ಸರಿಯಬೇಕು. ಅದಕ್ಕೆ ಮಾಲೀಕರು ವರ್ಷಗಳ ಹಿಂದೆಯೇ ಒಂದು ವ್ಯವಸ್ಥೆ ಮಾಡಿದ್ದರು. ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ, ಹಲಗೆಗೆ ಐದು ಮೊಳೆ. ಗಾಡಿ ನಿಲ್ಲಿಸಿದವರು ಕೀಲಿಯನ್ನು ಮೊಳೆಗೆ ಹಾಕಿ ಹೋಗಬೇಕು. ಯಾರಿಗೆ ಹೊರಡಬೇಕೋ ಅವರು ಅಡ್ಡ ಇರುವ ಗಾಡಿ ತೆಗೆದು, ಮತ್ತೆ ಒಳಗೆ ತಂದು ನಿಲ್ಲಿಸಿ, ಕೀಲಿ ಮೊಳೆಗೇ ಹಾಕಬೇಕು. ಕೀಲಿ ಜೇಬಿನಲ್ಲಿಟ್ಟುಕೊಂಡು ಹೋದವರನ್ನು ಮಾಲೀಕರು ಬಾಗಿಲಲ್ಲೇ ತಡೆದು ಬಯ್ಯುತ್ತಿದ್ದರು. ಒಮ್ಮೆ ನಮ್ಮ ಫೋಟೊಗ್ರಾಫರನೂ ಬೈಸಿಕೊಂಡಿದ್ದ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪೇಠೆಯ ಅಂಗಡಿಗಳು ಬಾಗಿಲು ಹಾಕುತ್ತವೆ. ಊಟ, ನಿದ್ದೆ. ಒಂದು ದಿನ ಆ ಹೊತ್ತಿನಲ್ಲೇ ಯಾರೋ ಬಂದು ಮೊಳೆಯಿಂದ ಕೀಲಿ ತೆಗೆದುಕೊಂಡು ನಮ್ಮ ಕಚೇರಿಯ ಕಾರು ಓಡಿಸಿಕೊಂಡು ಹೋದರು. ಬಾಗಿಲ ಹತ್ತಿರ ನಿಂತದ್ದು ಅದೇ ಆದ್ದರಿಂದ ಬೇರೆ ಯಾವ ಗಾಡಿಯನ್ನೂ ಸರಿಸುವ ಕಷ್ಟ ಅವರಿಗಿರಲಿಲ್ಲ.

ನಮ್ಮ ಚಾಲಕ ಕಲಬುರಗಿ ಜಿಲ್ಲೆಯವನು. ಯೆರವಡಾದಲ್ಲಿ ಒಂದು ಕೋಣೆ ಮಾಡಿಕೊಂಡು ಹೆಂಡತಿಯೊಂದಿಗೆ ಇದ್ದ. ಕಟ್ಟಡಗಳಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತುಕೊಂಡೇ ಪುಣೆಗೆ ಬಂದವನು. ಗುತ್ತಿಗೆದಾರನ ಟೆಂಪೊ ಓಡಿಸುತ್ತ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದ. ಜಂಬದ ಮನುಷ್ಯ. ಮುಂಬೈ ರಸ್ತೆಯ ಘಾಟಿಯಲ್ಲಿ ತಾನು ಯಾರನ್ನೆಲ್ಲ ಹಿಂದೆ ಹಾಕಿದೆ ಎಂಬುದನ್ನು ಪ್ರತಿ ವಾರವೂ ಹೇಳುತ್ತಿದ್ದ, ಪ್ರತಿ ವಾರವೂ ಹಿಂದೆ ಬಿದ್ದ ಗಾಡಿಗಳು ಹೆಚ್ಚಾಗುತ್ತಿದ್ದವು. ಆ ಮಧ್ಯಾಹ್ನ ಮಾತ್ರ ಕಾರು ನಿಂತಿದ್ದ ಜಾಗದಲ್ಲಿ ನಿಂತು ಖಾಲಿ ಮೊಳೆಯನ್ನೇ ನೋಡುತ್ತಿದ್ದ.

ಪೊಲೀಸ್ ಚೌಕಿಯಲ್ಲಿ ದೂರು ಕೊಟ್ಟೆವು. ಅದೇ ದಿನ ವಿಮಾ ಕಂಪನಿಗೂ ಆರ್‌ಟಿಓಗೂ ಬರೆದು ತಿಳಿಸಿದೆ. ಕಂಪನಿಯ ತನಿಖೆಗಾರ ಬಂದು ಚಾಲಕನ ಹೇಳಿಕೆ ತೆಗೆದುಕೊಂಡ. ಕೀಲಿ ಎಲ್ಲಿಟ್ಟಿದ್ದೆ ಎಂದು ಕೇಳಿದ. ಮೊಳೆಗೆ ಹಾಕಿದ್ದೆ ಎಂದು ಇವನು ಹೇಳಿದ. ಯಾಕೆ ಹಾಕಿದೆ ಎಂದು ತನಿಖೆಗಾರ ಕೇಳಲಿಲ್ಲ, ಇವನೂ ಹೇಳಲಿಲ್ಲ. ತಿಂಗಳುಗಳ ನಂತರ ಕಾರು ಪತ್ತೆಯಾಗಿಲ್ಲ ಎಂಬ ಪೊಲೀಸರ ಅಂತಿಮ ವರದಿ ಬಂತು. ಕಳುವಾದ ಕಾರಿನ ಎರಡೂ ಕೀಲಿಗಳನ್ನು ಕಂಪನಿಗೆ ಒಪ್ಪಿಸಬೇಕು ಎಂಬುದು ಪದ್ಧತಿ. ನಮ್ಮಲ್ಲಿ ಉಳಿದದ್ದು ಒಂದೇ. ಕಂಪನಿ ಅಜಾಗರೂಕತೆಯ ಕಾರಣ ಕೊಟ್ಟು ಪರಿಹಾರದ ಮುಕ್ಕಾಲು ಭಾಗ ಮಾತ್ರ ಕೊಟ್ಟಿತು. ಅಲ್ಲಿಯವರೆಗೆ ನನಗೆ ತಕರಾರಿರಲಿಲ್ಲ. ಕೀಲಿ ಬೀದಿಯಿಂದ ಕೈಗೆಟುಕುವಂತಿತ್ತು, ಅದು ನಿಜ.

ಮುಂಬೈಯ ಮುಖ್ಯ ಕಚೇರಿ ಆ ಹಣದಲ್ಲಿ ಸ್ವಲ್ಪ ಹಳೆಯದಾದ ಒಂದು ಕಾರು ಕೊಡಿಸಿತು. ಅದರ ವಿಮೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅದೇ ವಿಮಾ ಕಂಪನಿಯಿಂದ ಹೊಸ ವಿಮೆಯ ದರ ತರಿಸಿದೆ. ಕಾರು ಹಳೆಯದು, ಬೆಲೆ ಕಡಿಮೆ. ಪ್ರೀಮಿಯಂ ಮಾತ್ರ ಕಳೆದ ವರ್ಷದ್ದಕ್ಕಿಂತ ಎಷ್ಟೋ ಹೆಚ್ಚು. ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಮುಂಬೈಯಿಂದ ಫೋನ್ ಮಾಡಿದರು.

"ಕಳೆದ ವರ್ಷಕ್ಕಿಂತ ಒಂದು ರೂಪಾಯಿ ಜಾಸ್ತಿ ಬಂದರೂ ಪುಣೆಗೆ ಕಾರು ಬೇಡ. ಮಾರಿಬಿಡಿ. ರಿಕ್ಷಾದಲ್ಲಿ ಓಡಾಡಿ."

"ಚಾಲಕ?"

"ಕಾರಿಲ್ಲದ ಮೇಲೆ ಚಾಲಕ ಯಾಕೆ?"

ಇದನ್ನು ಚಾಲಕನಿಂದ ಮುಚ್ಚಿಡುವುದು ಸರಿ ಅನ್ನಿಸಲಿಲ್ಲ. ಕರೆದು ಹೇಳಿದೆ. ಅವನು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದ.

"ಅಂದ್ರ ನನ್ನ ನೌಕರಿ ಈಗ ಆ ವಿಮಾದವರ ಕೈಯಾಗ ಅದ ಅನ್ರಿ, ಅಕ್ಕಾರ."

"ಸದ್ಯಕ್ಕೆ ಹಾಗೇ."

"ಸ್ಟೇರಿಂಗ್ ಬಿಟ್ರ ಮತ್ತ ಬುಟ್ಟಿನೇ ಹೊರಬೇಕ್ರಿ. ಬುಟ್ಟಿಗಿ ವಿಮಾ ಇಲ್ಲ, ಅದೊಂದು ಚಲೋ." ನಗಲು ನೋಡಿದ, ಆಗಲಿಲ್ಲ. "ನಾ ಮೊಳಿಗಿ ಹಾಕಿದ್ದು ಖರೇನೇ ಅಕ್ಕಾರ. ಹಾಕದಿದ್ರ ಕೆಳಗಿನ ಸಾಹುಕಾರ್ರು ಬಿಡ್ತಿದ್ರೇನು?"

ಮರುದಿನ ಬೆಳಿಗ್ಗೆ ವಿಮಾ ಕಂಪನಿಯ ಶಾಖೆಗೆ ಹೋದೆ. ಸುದ್ದಿ ಮೇಜಿನಲ್ಲಿ ಒಂದು ಅಭ್ಯಾಸ: ದೊಡ್ಡ ಅಂಕಿ ಬಂದರೆ ಅದನ್ನು ಒಡೆದು ನೋಡುವುದು. ಶಾಖಾಧಿಕಾರಿಯ ಎದುರು ಕೂತು ಪ್ರೀಮಿಯಂ ಒಡೆದುಕೊಡಿ ಎಂದೆ. ಅಪಘಾತದಲ್ಲಿ ಬೇರೆಯವರಿಗಾಗುವ ಹಾನಿಯ ಭಾಗ, ಅಂದರೆ ಥರ್ಡ್ ಪಾರ್ಟಿ, ಎಲ್ಲ ಕಂಪನಿಗಳಿಗೂ ಒಂದೇ; ಅದನ್ನು ಮುಟ್ಟುವಂತಿಲ್ಲ. ಎರಡನೆಯದು ನಮ್ಮ ಕಾರಿಗೇ ಆಗುವ ಹಾನಿ ಮತ್ತು ಕಳವಿನ ಭಾಗ. ಅದರಲ್ಲಿ, ಪರಿಹಾರ ಕೇಳದ ವರ್ಷಗಳಿಗೆಂದು ಸಿಗುತ್ತಿದ್ದ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಹೋಗಿತ್ತು. ಪರಿಹಾರ ಪಡೆದ ಮೇಲೆ ಅದು ಹೋಗಲೇಬೇಕು, ಒಪ್ಪಿದೆ. ಮೂರನೆಯದು ಲೋಡಿಂಗ್ ಎಂಬ ಹೆಚ್ಚುವರಿ ಹೇರಿಕೆ. ಆಗಷ್ಟೇ ಎಲ್ಲರಿಗೂ ಒಂದೇ ಇದ್ದ ದರಪಟ್ಟಿಯ ಕಟ್ಟು ಸಡಿಲವಾಗಿ, ಸ್ವಂತ ಹಾನಿಯ ಭಾಗಕ್ಕೆ ಕಂಪನಿಗಳು ತಮ್ಮ ತಮ್ಮ ದರ ಹಾಕತೊಡಗಿದ್ದವು. ನಮ್ಮನ್ನು ಎತ್ತಿ ಹಾಕಿದ್ದು ಈ ಹೇರಿಕೆ.

"ಇದು ಯಾವ ಕಾರಣಕ್ಕೆ?" ಎಂದೆ. ನಮ್ಮ ಮಾತು ಮರಾಠಿಯಲ್ಲಿ ನಡೆಯುತ್ತಿತ್ತು.

ಶಾಖಾಧಿಕಾರಿ ನಯವಾದ ಮನುಷ್ಯ. ತನಿಖೆಗಾರನ ವರದಿಯ ಒಂದು ಸಾಲನ್ನು ಓದಿ ಹೇಳಿದರು: ಚಾಲಕನು ಕೀಲಿಯನ್ನು ಬಹಿರಂಗ ಸ್ಥಳದಲ್ಲಿ ಬಿಟ್ಟಿದ್ದ. "ಮೇಡಂ, ಮನುಷ್ಯ ಅದೇ, ಜಾಗ ಅದೇ. ಗಾಡಿ ಮಾತ್ರ ಬೇರೆ. ನಾವು ಅಪಾಯಕ್ಕೆ ದರ ಹಾಕುತ್ತೇವೆ. ನಿಮ್ಮ ಚಾಲಕನನ್ನು ಬದಲಿಸಿ, ನಾನು ಈ ಲೋಡಿಂಗ್ ತೆಗೆಸುತ್ತೇನೆ. ಇವರಂಥವರು ನಿಮಗೆ ಬೇಕಾದಷ್ಟು ಸಿಗುತ್ತಾರೆ."

"ಚಾಲಕನನ್ನು ಬದಲಿಸಿದರೆ ಲೋಡಿಂಗ್ ತೆಗೆಯುತ್ತೇವೆ ಎಂದು ಬರೆದುಕೊಡಿ."

"ಇಂಥದ್ದನ್ನೆಲ್ಲ ಬರೆಯೋದಿಲ್ಲ."

"ಬರೆಯಲಾಗದ ಕಾರಣಕ್ಕೆ ನಾನು ಯಾರನ್ನೂ ಕೆಲಸದಿಂದ ತೆಗೆಯೋದಿಲ್ಲ."

ಅವರು ನಕ್ಕು ಚಹಾ ತರಿಸಿದರು. ಕುಡಿಯದೆ ಎದ್ದು ಬಂದೆ, ಚಹಾ ಬಿಟ್ಟುಬಂದದ್ದನ್ನು ಚಾಲಕನಿಗೂ ಹೇಳಿದೆ. ಮುಂಬೈಗೆ ವರದಿ ಮಾಡಿದಾಗ ಲೆಕ್ಕಪತ್ರದವರಿಗೆ ಖುಷಿಯಾಯಿತು. "ಇಷ್ಟು ಸುಲಭವೇ? ಬದಲಿಸಿಬಿಡಿ" ಎಂದರು. ತಿಂಗಳ ಕೊನೆಯವರೆಗೆ ಸಮಯ ಕೇಳಿದೆ. ಕೊಟ್ಟರು, ಜೊತೆಗೆ ಒಂದು ಮಾತು ಹೇಳಿದರು: "ಹಟ ಮಾಡಬೇಡಿ." ಹಟವನ್ನೇ ಮಾಡುವುದೆಂದು ಫೋನ್ ಇಟ್ಟೆ.

ಮೊದಲು ಕಾನೂನಿನಲ್ಲಿ ಇಳಿಸಬಹುದಾದದ್ದನ್ನೆಲ್ಲ ಇಳಿಸಿದೆ. ಕಾರನ್ನು ನಮಗೆ ಮಾರಿದವರ ಪಾಲಿಸಿಯಲ್ಲಿದ್ದ ಬೆಲೆಯನ್ನೇ ಕಂಪನಿ ಹಾಗೇ ಎತ್ತಿಕೊಂಡಿತ್ತು. ಗಾಡಿಗೆ ಒಂದು ವರ್ಷ ವಯಸ್ಸಾದದ್ದನ್ನು ಲೆಕ್ಕಕ್ಕೆ ಹಿಡಿಸಿದೆ. ಸಣ್ಣಪುಟ್ಟ ರಿಪೇರಿಯ ಮೊದಲ ಪಾಲನ್ನು ನಾವೇ ಭರಿಸುತ್ತೇವೆ ಎಂದು ಒಪ್ಪಿದರೆ ರಿಯಾಯಿತಿ ಸಿಗುತ್ತದೆ, ಅದನ್ನು ತೆಗೆದುಕೊಂಡೆ. ವಾಹನ ಮಾಲೀಕರ ಸಂಘದ ಸದಸ್ಯತ್ವಕ್ಕೆ ಒಂದಿಷ್ಟು. ಮಾನ್ಯತೆ ಇರುವ ಕಳವು ನಿರೋಧಕ ಸಾಧನ ಕೂಡಿಸಿದರೆ ಇನ್ನೊಂದಿಷ್ಟು. ಇಷ್ಟೆಲ್ಲ ಸೇರಿದರೂ ಲೋಡಿಂಗ್ ಇರುವ ತನಕ ಮುಂಬೈ ಹಾಕಿದ ಗೆರೆಗೆ, ಅಂದರೆ ಕಳೆದ ವರ್ಷದ ಮೊತ್ತಕ್ಕೆ, ಇಳಿಯುತ್ತಿರಲಿಲ್ಲ.

ಬೇರೊಂದು ಕಂಪನಿಯ ಏಜೆಂಟ್ ಕಚೇರಿಗೇ ಬಂದ. ಅರ್ಜಿ ತುಂಬುವಾಗ ಪೆನ್ನು ಒಂದು ಪ್ರಶ್ನೆಯ ಮೇಲೆ ನಿಂತಿತು: ಹಿಂದೆ ಪರಿಹಾರ ಪಡೆದಿದ್ದೀರಾ?

"ಇಲ್ಲ ಅಂತ ಹಾಕೋಣ," ಎಂದ. "ಈ ಗಾಡಿ ಮೇಲೆ ಪಡೆದಿಲ್ಲವಲ್ಲ. ಬೋನಸ್ಸೂ ಸಿಗುತ್ತದೆ. ಎಲ್ಲರೂ ಹೀಗೇ ಮಾಡೋದು, ತಾಯಿ."

"ಮುಂದೆ ಅಪಘಾತವಾಗಿ ಹಣ ಕೇಳಿದಾಗ?"

"ಆವಾಗ ನೋಡಿಕೊಂಡರಾಯಿತು."

ಆವಾಗ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅರ್ಜಿಯಲ್ಲಿ ಸುಳ್ಳಿದೆ ಎಂದು ಹಣ ನಿಲ್ಲಿಸುತ್ತಾರೆ, ತಪ್ಪು ಮತ್ತೆ ಸ್ಟೇರಿಂಗ್ ಹಿಡಿದವನ ತಲೆಗೆ ಬರುತ್ತದೆ. ಹೌದು ಎಂದು ಬರೆಸಿದೆ. ಆ ಕಂಪನಿಯ ದರವೂ ಏರಿತು. ಮೊದಲಿನವರಿಗಿಂತ ಕಡಿಮೆ, ನಮ್ಮ ಗೆರೆಗಿಂತ ಹೆಚ್ಚು. ಆ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡೆ.

ಕಳವು ನಿರೋಧಕಕ್ಕೆಂದು ಚಾಲಕ ಗೇರ್ ಲಾಕ್ ಕೂಡಿಸಿಕೊಂಡು ಬಂದ. ಉಕ್ಕಿನ ಕೊಂಡಿ, ಗೇರನ್ನು ರಿವರ್ಸಿನಲ್ಲಿಟ್ಟು ಬೀಗ ಹಾಕುವಂಥದ್ದು. "ಈಗ ಕಳ್ಳರ ಅಪ್ಪ ಬಂದ್ರೂ ಆಗೂದಿಲ್ರಿ" ಎಂದು ತೋರಿಸಿದ. ಹಳೆಯ ಪಾಠ ಕಲಿತವನಾದ್ದರಿಂದ ಕೀಲಿ ಮೊಳೆಗೆ ಹಾಕದೆ ನನ್ನ ಕೈಗೇ ಕೊಟ್ಟು, ನನ್ನ ಒಪ್ಪಿಗೆ ಪಡೆದು, ಮಧ್ಯಾಹ್ನ ರಜೆ ಹಾಕಿ ಹೋದ. ನಾನು ಕೀಲಿಯನ್ನು ಪರ್ಸಿನಲ್ಲಿಟ್ಟುಕೊಂಡು ಜಿಲ್ಲಾಧಿಕಾರಿ ಕಚೇರಿಯ ಪತ್ರಿಕಾಗೋಷ್ಠಿಗೆ ರಿಕ್ಷಾದಲ್ಲಿ ಹೋದೆ.

ತಿರುಗಿ ಬಂದಾಗ ವಾಡೆಯ ಬಾಗಿಲಲ್ಲಿ ಜನ. ಮಾಲೀಕರ ಸರಕಿನ ವ್ಯಾನು ಒಳಗೆ, ನಮ್ಮ ಕಾರು ಅಡ್ಡ. ನಾಲ್ಕು ಜನ ತಳ್ಳಿದರೂ ಅಲುಗಿರಲಿಲ್ಲ. ರಿವರ್ಸಿನಲ್ಲಿ ಬೀಗ ಹಾಕಿದ ಗಾಡಿಯ ಚಕ್ರ ತಿರುಗುವುದಿಲ್ಲ.

"ಏನವ್ವಾ ಇದು!" ಮಾಲೀಕರು ಕನ್ನಡಕ್ಕಿಳಿದಿದ್ದರು. "ಅಲ್ಲಿ ನಿಗಡಿ ಊರಾಗ ಮದಿವಿ ಮನಿಗೆ ಜವಳಿ ಹೋಗಬೇಕಾಗಿತ್ತು. ಬೀಗರು ಅಲ್ಲಿ ಕುಂತಾರ, ಸೀರಿ ಇಲ್ಲಿ ಕುಂತಾವ! ನಿನ್ನ ಗಾಡಿ ಏನು ಇಲ್ಲೇ ಬೇರು ಬಿಟ್ಟದೇನು?"

"ಕೀಲಿ ಮೊಳೆಗೆ ಹಾಕುವುದಿಲ್ಲ ಸಾಹುಕಾರರೇ, ಇನ್ನು ಮೇಲೆ."

"ಹಾಕದಿದ್ರ ಗಾಡಿ ಹೊರಗ ಹಚ್ಚು!"

ಕಾರು ತೆಗೆದು ವ್ಯಾನಿಗೆ ದಾರಿ ಬಿಟ್ಟೆ. ಅದು ಹೋದ ಮೇಲೆ ಅವರ ಅಂಗಡಿಯ ಗಾದಿಯ ಮೇಲೆ ಕೂತೆ. ಅಂದು ನಿರ್ಧಾರ ಮಾಡಿದೆ. ಚಾಲಕ ಅಜಾಗರೂಕನಲ್ಲ ಎಂದು ವಿಮೆಯವರಿಗೆ ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಗೋಡೆಯ ಮೇಲಿನ ಹಲಗೆ ಇರುವ ತನಕ ಅವರು ಹೇಳುವ ಅಪಾಯ ನಿಜವೇ. ಇಳಿಯಬೇಕಾದದ್ದು ಹಲಗೆ.

ಸಾಹುಕಾರರಿಗೆ ಇಡೀ ವಿಷಯ ಹೇಳಿದೆ. ಕೇಳುತ್ತ ಕೇಳುತ್ತ ಅವರ ಧ್ವನಿ ತಗ್ಗಿತು.

"ಅಂದ್ರ ಆ ಹುಡುಗನ ನೌಕರಿಗೇ ಬಂತೇನು?"

"ಅವನು ಮೊಳೆಗೆ ಹಾಕಿದ್ದು ನಿಮ್ಮ ಮಾತಿಗೆ ಎಂದು ನೀವು ಶಾಖೆಗೆ ಬಂದು ಹೇಳಿದರೆ ಸಾಕು."

ಅವರು ಅಳತೆಯ ಕೋಲನ್ನು ಎತ್ತಿ ಆಚೆ ಇಟ್ಟರು. "ಅದು ಆಗೂದಿಲ್ಲ ನೋಡವ್ವಾ. ನನ್ನವು ಎರಡು ಗಾಡಿ ಅದೇ ಕಂಪನ್ಯಾಗ ಅವ. ನಾ ಹಂಗ ಅಂದ್ರ ನಾಳೆ ನನ್ನ ಪ್ರೀಮಿಯಂ ಏರಸ್ತಾರ. ಬ್ಯಾರೆ ಏನರ ಕೇಳು."

ಬೇರೆ ಕೇಳಿದೆ: ಹಲಗೆ ತೆಗೆಯಬೇಕು. ಅವರು ಒಪ್ಪಲು ಎರಡು ದಿನ ಹಿಡಿಯಿತು. ಉಪಾಯ ನಮ್ಮ ಬೀದಿಗಳಲ್ಲಿ ಕಂಡದ್ದೇ. ಎಲ್ಲರೂ ಗಾಡಿಗೆ ಬೀಗ ಹಾಕಿ ಕೀಲಿ ತಮ್ಮ ಜೇಬಿನಲ್ಲಿಟ್ಟುಕೊಳ್ಳುವುದು. ಗೇರು ನ್ಯೂಟ್ರಲಿನಲ್ಲಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಚಕ್ರಕ್ಕೊಂದು ಇಟ್ಟಿಗೆ ಕೊಡುವುದು. ಹೊರಡುವವರು ಇಟ್ಟಿಗೆ ತೆಗೆದು ಅಡ್ಡ ಇರುವುದನ್ನು ಕೈಯಿಂದ ತಳ್ಳುವುದು. ಸಂದಿ ನೆಟ್ಟಗಿತ್ತು, ನೆಲ ಸಮತಟ್ಟು. ಸ್ಟೇರಿಂಗ್ ನೇರವಾಗಿಟ್ಟು ಇಳಿದರೆ ಸಾಕು. ಗೇರ್ ಲಾಕ್ ತೆಗೆಸಿ, ಇಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್ ಎಂಬ ವಿದ್ಯುತ್ ಸಾಧನ ಕೂಡಿಸಿದೆವು. ಅದಕ್ಕೂ ಮಾನ್ಯತೆ ಇತ್ತು, ಅದೇ ರಿಯಾಯಿತಿ. ಗಾಡಿ ತಳ್ಳಿದರೆ ಸರಿಯುತ್ತದೆ, ಓಡಿಸಲು ಹೋದರೆ ಓಡುವುದಿಲ್ಲ.

ಮೊದಲ ವಾರ ಗದ್ದಲವಾಯಿತು. ಒಳಗಿನ ಮನೆಯ ಬಾಡಿಗೆದಾರರೊಬ್ಬರು ಅಭ್ಯಾಸಬಲದಿಂದ ಹ್ಯಾಂಡ್‌ಬ್ರೇಕ್ ಎಳೆದು ಆಫೀಸಿಗೆ ಹೋಗಿಬಿಟ್ಟರು. ಚಾಲಕ ಈ ಹೊಸ ಪದ್ಧತಿಯ ಪೊಲೀಸನಾದ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ, "ಕಾಕಾ, ನ್ಯೂಟ್ರಲ್? ಚಾಕ ಸೀದಾ?" ಎಂದು, ಚಕ್ರ ನೇರ ಇದೆಯೇ ಎನ್ನುವ ಹಾಗೆ, ಮರಾಠಿಯಲ್ಲಿ ಕೂಗುತ್ತಿದ್ದ. ಸಾಹುಕಾರರನ್ನೂ ಬಿಡಲಿಲ್ಲ. "ನನ್ನ ವಾಡೇದಾಗ ನನಗಽ ಕೇಳ್ತಾನ ನೋಡು ಇಂವಾ" ಎಂದು ಅವರು ಗೊಣಗಿ, ತಿರುಗಿ ಹೋಗಿ ಬ್ರೇಕ್ ಬಿಟ್ಟು ಬಂದರು.

ಆಮೇಲೆ ಶಾಖಾಧಿಕಾರಿಗೆ ಪತ್ರ ಬರೆದೆ. ಮನುಷ್ಯ ಅದೇ, ಜಾಗ ಅದೇ ಎಂದಿದ್ದಿರಿ. ಜಾಗ ಬದಲಾಗಿದೆ, ಬಂದು ನೋಡಿ. ಚಾಲಕ ಮಾತ್ರ ಅವನೇ ಇರುತ್ತಾನೆ. ಜೊತೆಗೆ ಇನ್ನೊಂದು ಕಂಪನಿಯ ದರದ ಪ್ರತಿ ಇಟ್ಟೆ. ಅದೇ ದಿನ ಮುಂಬೈಗೂ ತಿಳಿಸಿದೆ: ಪ್ರೀಮಿಯಂ ಇಳಿಯದಿದ್ದರೆ ಕಾರು ಮಾರಿ, ಆದರೆ ಚಾಲಕನನ್ನು ತೆಗೆಯುವ ಕಾಗದಕ್ಕೆ ಸಹಿ ಬೇರೆ ಯಾರಾದರೂ ಹಾಕಲಿ.

ತಿಂಗಳು ಮುಗಿಯಲು ಕೆಲವೇ ದಿನ ಉಳಿದಿದ್ದಾಗ ಶಾಖಾಧಿಕಾರಿ ಬಂದರು. ತಮ್ಮ ಕಾರನ್ನು ಸಂದಿಯ ಬಾಯಲ್ಲೇ ನಿಲ್ಲಿಸಿ, ಬೀಗ ಹಾಕಿ, ಮೇಲೆ ಬಂದರು. ಇಮೊಬಿಲೈಸರಿನ ಪ್ರಮಾಣಪತ್ರ ನೋಡಿದರು. ಕೆಳಗಿನ ಗೋಡೆಯಲ್ಲಿ ಹಲಗೆ ಇದ್ದ ಕಡೆ ಉಳಿದ ಬಿಳಿ ಗುರುತನ್ನು ಕಿಟಕಿಯಿಂದ ತೋರಿಸಿದೆ. ತಲೆಯಾಡಿಸಿದರು. "ಎಲ್ಲ ಚೆನ್ನಾಗಿದೆ ಮೇಡಂ. ಆದರೆ ಪದ್ಧತಿ ಇಂದು ಇರುತ್ತದೆ, ನಾಳೆ ಹೋಗುತ್ತದೆ. ಕೊನೆಗೆ ನೋಡಬೇಕಾದದ್ದು ಮನುಷ್ಯನನ್ನು."

ಆಗ ಕೆಳಗಿನಿಂದ ಸಾಹುಕಾರರ ಕೂಗು. ಸರಕಿನ ವ್ಯಾನು ಹೊರಡಬೇಕು, ಬಾಗಿಲಿಗೆ ಯಾವುದೋ ಕಾರು ಅಡ್ಡ ಇದೆ, ತಳ್ಳಿದರೆ ಸರಿಯುತ್ತಿಲ್ಲ. ಶಾಖಾಧಿಕಾರಿ ಎದ್ದು ಮರದ ಗ್ಯಾಲರಿಗೆ ಹೋದರು. ಕೆಳಗೆ ನಮ್ಮ ಚಾಲಕ ನಿಂತಿದ್ದ. ಅವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಹೇಳಿಕೆಯ ಕಾಗದದಲ್ಲಿ ಹೆಸರು ಮಾತ್ರ ನೋಡಿದ್ದರು. ಜೇಬಿನಿಂದ ಕೀಲಿ ತೆಗೆದು, "ಅರೇ, ಜರಾ ಗಾಡಿ ಕಾಢ" ಎಂದು, ಸ್ವಲ್ಪ ಗಾಡಿ ತೆಗೆಯಪ್ಪಾ ಎನ್ನುವ ಹಾಗೆ, ಅವನತ್ತ ಎಸೆದರು.

ಚಾಲಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಕೀಲಿ ಕಲ್ಲಿನ ಮೇಲೆ ಬಿದ್ದು ಸದ್ದಾಯಿತು.

"ಸಾಹೇಬ್," ಎಂದ ಮರಾಠಿಯಲ್ಲಿ, ಕತ್ತೆತ್ತಿ. "ಈ ವಾಡೆಯಲ್ಲಿ ಕೀಲಿ ಯಾರ ಕೈಗೂ ಕೊಡುವ ಹಾಗಿಲ್ಲ. ನೀವೇ ಬಂದು ತೆಗೆಯಿರಿ."

ಸಾಹುಕಾರರಿಗೆ ನಗೆ ತಡೆಯಲಾಗಲಿಲ್ಲ. ಗಲ್ಲೆಯ ಮೇಲೆ ಕೈ ಬಡಿದು ನಕ್ಕರು. ಶಾಖಾಧಿಕಾರಿ ಮೆಟ್ಟಿಲಿಳಿದು ಹೋಗಿ, ಬಗ್ಗಿ ಕೀಲಿ ಎತ್ತಿಕೊಂಡು ಕಾರು ತೆಗೆದರು. ನಾನು ಅವರ ಹಿಂದೆಯೇ ಇಳಿದಿದ್ದೆ. ವ್ಯಾನು ಹೋದ ಮೇಲೆ ಅವರು ಕಾರಿನಿಂದ ಇಳಿದು, "ಇವನು ಯಾರು?" ಎಂದು ನನ್ನನ್ನು ಕೇಳಿದರು.

"ನೀವು ಬದಲಿಸಿ ಎಂದವನು."

ಅಷ್ಟರಲ್ಲಿ ಸಾಹುಕಾರರು ಗಾದಿ ಬಿಟ್ಟು ಎದ್ದು ಬಂದರು. ನನಗೆ ಅದರ ನಿರೀಕ್ಷೆ ಇರಲಿಲ್ಲ. ಮರಾಠಿಯಲ್ಲಿ ಶುರುಮಾಡಿ ಎರಡನೆಯ ಮಾತಿಗೇ ಕನ್ನಡಕ್ಕೆ ಬಂದರು. ನಾನು ಪಕ್ಕದಲ್ಲಿ ನಿಂತು ಮರಾಠಿಗೆ ತಿರುಗಿಸಿದೆ. "ಅವತ್ತ ಮೊಳಿಗಿ ಕೀಲಿ ಹಾಕಿದ್ದು ಇಂವಾ, ಹಾಕಸಿದ್ದು ನಾನು. ರೂಲು ನಂದು, ಹಲಗಿ ನಂದು, ಮೊಳಿ ನನ್ನವು. ನನ್ನ ಗಾಡಿ ಕೀಲಿನೂ ಅಲ್ಲೇ ತೂಗತಿದ್ವು. ಏರಸಾವ್ರಿದ್ರ ನನ್ನ ಪ್ರೀಮಿಯಂ ಏರಸ್ರಿ. ಏರಿಸಿದ್ರ ನಾನೂ ಕಂಪನಿ ಬಿಡ್ತೀನಿ, ಅದನ್ನೂ ಬರಕೋರಿ."

ಶಾಖಾಧಿಕಾರಿ ಏನೂ ಬರೆದುಕೊಳ್ಳಲಿಲ್ಲ. ಕಾರು ಹತ್ತಿ ಹೋದರು.

ವಾರ ಮುಗಿಯುವ ಮೊದಲು ಹೊಸ ದರ ಬಂತು. ಲೋಡಿಂಗಿನ ಸಾಲು ಇರಲಿಲ್ಲ. ಹಳೆಯ ಕಾರಿನ ಬೆಲೆ, ಕೂಡಿಸಿದ ರಿಯಾಯಿತಿಗಳು ಎಲ್ಲ ಸೇರಿ ಮುಂಬೈಯ ಗೆರೆಗಿಂತ ತುಸು ಕೆಳಗೇ ನಿಂತಿತು. ಹೋದ ಬೋನಸ್ಸು ಹೋಗಿಯೇ ಇತ್ತು, ಅದನ್ನು ನಾನು ಕೇಳಲೂ ಇಲ್ಲ. ಸಾಹುಕಾರರ ಪ್ರೀಮಿಯಂ ಆ ವರ್ಷ ಏರಲಿಲ್ಲ. ಲೆಕ್ಕಪತ್ರದವರು ಫೋನಿನಲ್ಲಿ, "ನೋಡಿದಿರಾ, ಗಟ್ಟಿಯಾಗಿ ಹೇಳಿದ್ದಕ್ಕೆ ಇಳಿಯಿತು" ಎಂದರು. ಯಾರು ಗಟ್ಟಿಯಾಗಿ ಹೇಳಿದ್ದೆಂದು ಅವರು ಹೇಳಲಿಲ್ಲ.

ಪ್ರೀಮಿಯಮ್ಮಿನ ಚೆಕ್ಕನ್ನು ಶಾಖೆಗೆ ತಲುಪಿಸಲು ಚಾಲಕನನ್ನೇ ಕಳಿಸಿದೆ. ಬೇಕೆಂದೇ ಕಳಿಸಿದೆ. ತಿರುಗಿ ಬಂದವನು ರಸೀದಿ ಮೇಜಿನ ಮೇಲಿಟ್ಟ.

"ಏನಂದರು?"

"ಏನೂ ಅನ್ಲಿಲ್ರಿ. ಚಹಾ ಕೊಟ್ರು."

"ಕುಡಿದೆಯಾ?"

"ಯಾಕ ಬಿಡ್ಲಿ, ಅಕ್ಕಾರ? ಎರಡು ಕುಡದೆ. ನಿಮ್ಮದೂ ಒಂದು ಬಾಕಿ ಇತ್ತಲ್ಲ."

ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿ, ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡು, ಕೆಳಗೆ ಇಳಿದು ಹೋದ. ಸ್ವಲ್ಪ ಹೊತ್ತಿಗೆ ಬಾಗಿಲ ಕಡೆಯಿಂದ ಅವನ ಕೂಗು ಕೇಳಿಸಿತು, "ಕಾಕಾ, ನ್ಯೂಟ್ರಲ್?"